ಬಾಯೊಳಗಿನ ರಾಜ

ರಾಜ ಅವನ ಬಾಯೊಳಗೇ ಒಡೆದ.

ಮಂಟಪದ ಮೆಟ್ಟಿಲಿಳಿದು, ನೀರಿನ ತೊಟ್ಟಿ ದಾಟಿ, ಮನೆಯ ದಾರಿ ಹಿಡಿದಿದ್ದ. ಎಡಗೆನ್ನೆಯೊಳಗೆ ಟಕ್ಕೆಂದು ಸದ್ದಾಯಿತು. ಹಲ್ಲು ಹೋಯಿತೆಂದುಕೊಂಡು ಅಂಗೈಗೆ ಉಗುಳಿದ. ಹಲ್ಲಲ್ಲ. ಬೇವಿನ ಮರದ ರಾಜ ಉದ್ದಕ್ಕೆ ಸೀಳಿ ಎರಡು ಹೋಳಾಗಿ ಬಿದ್ದಿದ್ದ. ಒಳಗಿನ ಮರವೂ ಹೊರಗಿನಷ್ಟೇ ಕಪ್ಪಾಗಿತ್ತು. ಹೋಳುಗಳನ್ನು ಜೋಡಿಸಿ ನೋಡಿದ. ಕೂಡಲಿಲ್ಲ. ಮತ್ತೆ ಜೋಡಿಸಿದ. ಕೂಡಲಿಲ್ಲ. ಬಂದ ದಾರಿಯಲ್ಲೇ ತಿರುಗಿ ಮಂಟಪದ ಕಡೆ ನಡೆದ.

ಆ ಊರಿನಲ್ಲಿ ಚದುರಂಗ ಆಡುವವರಿಗೆ ಒಂದು ಕಟ್ಟಳೆ ಇತ್ತು. ಮಧ್ಯಾಹ್ನ ಜಾಗಟೆ ಬಾರಿಸಿದ ಕೂಡಲೇ ಮಂಟಪಕ್ಕೆ ಬರಬೇಕು. ತಂತಮ್ಮ ಮಣೆಯ ಮುಂದೆ ಕೂರಬೇಕು. ಗೆದ್ದವನು ಎದ್ದು, ಪಂಚೆ ಕೊಡವಿ, ಮಾತಾಡುತ್ತ ಮನೆಗೆ ಹೋಗುತ್ತಾನೆ. ಸೋತವನು ತನ್ನ ರಾಜನನ್ನು ಎತ್ತಿ, ಪಂಚೆಯ ಅಂಚಿಗೆ ಒರೆಸಿ, ಬಾಯೊಳಗೆ ಇಟ್ಟುಕೊಳ್ಳುತ್ತಾನೆ. ಮಲಗುವವರೆಗೂ ರಾಜ ಅಲ್ಲೇ ಇರಬೇಕು. ಉಣ್ಣುವಾಗ ತೆಗೆದಿಡಬಹುದು; ಆಗಲೂ ಮಾತಾಡುವಂತಿಲ್ಲ. ಮಲಗುವ ಮುನ್ನ ನೀರಿನ ಬಟ್ಟಲಿಗೆ ಹಾಕಿದರೆ, ಬೆಳಗ್ಗೆ ಎದ್ದಮೇಲೆ ಬಾಯಿ ಮತ್ತೆ ತನ್ನದು. ಕಟ್ಟಳೆ ಮಾಡಿದವರು ಯಾರು, ಯಾಕೆ ಮಾಡಿದರು ಎಂದು ಕೇಳಿದವರಿಲ್ಲ. ಬೇವು ಯಾಕೆ ಕಹಿ ಎಂದು ಯಾರು ಕೇಳುತ್ತಾರೆ.

ಮಣೆಗಳಿಗೂ ಸಾಲುಂಟು. ಚೆನ್ನಾಗಿ ಬೆಳಕು ಬೀಳುವ ಕಂಬದ ಬುಡದಲ್ಲಿ ಮೊದಲ ಮಣೆ. ಅಲ್ಲಿಂದ ಇಳಿಯುತ್ತ ಇಳಿಯುತ್ತ, ಆಡುಗಳು ಹತ್ತಿ ಬರುವ ಮೆಟ್ಟಿಲ ಪಕ್ಕದಲ್ಲಿ ಕಡೆಯ ಮಣೆ. ಅದು ಅವನದು. ಅವನ ಕಸುಬು ಹಗ್ಗ ಹೊಸೆಯುವುದು. ಆದರೂ ಊರಲ್ಲಿ ಯಾರೂ ಅವನನ್ನು ಹಗ್ಗದವನು ಅನ್ನುತ್ತಿರಲಿಲ್ಲ. ಕಡೆಯ ಮಣೆಯವನು ಅನ್ನುತ್ತಿದ್ದರು. ದಿನವೂ ಕೂರುತ್ತಿದ್ದ. ದಿನವೂ ಸೋಲುತ್ತಿದ್ದ. ಗೆದ್ದ ನೆನಪು ಅವನಿಗಿರಲಿಲ್ಲ.

ಬೇರೆಯವರ ರಾಜರಿಗೆ ಕಿರೀಟವಿತ್ತು, ಮೂಗಿತ್ತು, ಮೀಸೆಯಿತ್ತು. ಅವನ ರಾಜನಿಗೆ ಅದೇನೂ ಉಳಿದಿರಲಿಲ್ಲ. ಬಾಯೊಳಗೆ ಸವೆದು ಸವೆದು ಹುಣಸೆ ಬೀಜದ ಹಾಗೆ ನುಣ್ಣಗಾಗಿದ್ದ. ಎದುರು ಕೂತವನು ಕಾಲಾಳೆಂದುಕೊಂಡು ಪಕ್ಕಕ್ಕೆ ಸರಿಸಲು ಹೋದದ್ದೂ ಉಂಟು. ಆಗೆಲ್ಲ ಅವನು, “ಅದು ನನ್ನ ರಾಜ,” ಅನ್ನಬೇಕಾಗುತ್ತಿತ್ತು. “ಹೌದಾ? ಪಾಪ,” ಎಂದು ಎದುರಿನವನು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಮಂಟಪದ ಬದಿಯ ಬೇವಿನ ಮರದ ಕೆಳಗೆ ಮುದುಕಿ ಕೂತಿದ್ದಳು. ಊರಿನ ಕಾಯಿಗಳನ್ನೆಲ್ಲ ಕೆತ್ತುವವಳು ಅವಳೇ, ಜಾಗಟೆ ಬಾರಿಸುವವಳೂ ಅವಳೇ. ಅವನು ಅಂಗೈ ಚಾಚಿ ಹೋಳು ತೋರಿಸಿದ. ಮಾತಾಡಲಿಲ್ಲ. ಮಲಗುವ ಹೊತ್ತು ಇನ್ನೂ ಆಗಿರಲಿಲ್ಲ.

“ಮಾತಾಡೋ,” ಅಂದಳು ಮುದುಕಿ. “ರಾಜ ಒಡೆದಮೇಲೆ ಬಾಯಿ ನಿಂದೇ. ಕಚ್ಚಿದೆಯಾ?”

“ಇಲ್ಲ ಅಜ್ಜಿ. ತಾನೇ ಒಡೆದ.”

ಮುದುಕಿ ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು. “ನಾನು ಕೆತ್ತಿದ ರಾಜರಲ್ಲಿ ಇಷ್ಟು ದುಡಿದವನು ಇನ್ನೊಬ್ಬನಿಲ್ಲ ಬಿಡು. ಪುಣ್ಯಾತ್ಮ, ಎತ್ತಿಗಾದರೂ ವಾರಕ್ಕೊಂದು ದಿನ ಬಿಡುವು ಇರುತ್ತೆ.”

ಅವನು ಇನ್ನೊಂದು ಹೋಳನ್ನೂ ಅವಳ ಕೈಗೆ ಕೊಟ್ಟ.

“ಎರಡನೇ ರಾಜನ ಕಟ್ಟಳೆ ಗೊತ್ತಲ್ಲ?”

“ಕೇಳಿದೀನಿ.”

“ಇನ್ನೊಂದು ಸಲ ಕೇಳು. ಅಮಾವಾಸ್ಯೆ ದಿನ ಎಲ್ಲರ ಮುಂದೆ ಉತ್ತರ ಹೇಳಬೇಕು. ಏಳ್ತೀನಿ ಅಂದರೆ, ಉಳಿದ ಕಾಯೆಲ್ಲ ಒಲೆಗೆ. ಆಮೇಲೆ ಮಂಟಪ ಹತ್ತೋಹಾಗಿಲ್ಲ, ಮಣೆ ಕಡೆ ನೋಡೋಹಾಗಿಲ್ಲ, ಯಾರ ಕಾಯನ್ನೂ ಮುಟ್ಟೋಹಾಗಿಲ್ಲ. ಕೂರ್ತೀನಿ ಅಂದರೆ ಹೊಸ ರಾಜನ್ನ ಕೆತ್ತಿಕೊಡ್ತೀನಿ. ಆದರೆ ಆ ರಾಜನ್ನ ಬಿಟ್ಟು ಏಳೋಹಾಗಿಲ್ಲ. ಸಾಯೋತನಕ ಕೂರಬೇಕು. ಅವನು ನಿನ್ನ ಜೊತೆಗೇ ಮಣ್ಣಿಗೆ ಹೋಗೋನು.”

“ಆಗಲಿ.”

“ಏನು ಆಗಲಿ? ಪೂರ್ತಿ ಕೇಳು. ಎರಡಕ್ಕೂ ಕಾರಣ ಹೇಳಬೇಕು. ಪಕ್ಕದ ಮನೆಯಿಂದ ಬೆಂಕಿ ತಂದ ಹಾಗೆ ಕಾರಣ ತರಬೇಡ. ಎರವಲು ಕಾರಣಕ್ಕೆ ನಾನು ಉಳಿ ಎತ್ತೋದಿಲ್ಲ, ಒಲೇನೂ ಹಚ್ಚೋದಿಲ್ಲ.”

ಹೋಳುಗಳನ್ನು ಅವಳು ತನ್ನ ಸಂಚಿಗೆ ಹಾಕಿಕೊಂಡಳು. ಅವನು ಮನೆಗೆ ಹೋದ. ಏನೋ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ.

ಮನೆಯ ಜಗಲಿಯ ಮೇಲೆ ಅವನ ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಕುಂಬಾರಗಿತ್ತಿ ಕೂತಿದ್ದಳು. ಸಂಜೆಯಾದರೆ ಆ ಜಗಲಿಗೆ ಯಾರಾದರೊಬ್ಬರು ಬಂದೇ ಬರುತ್ತಿದ್ದರು. ಬಂದವರು ಕಂಬಕ್ಕೆ ಒರಗಿ, ಕಾಲು ಚಾಚಿ, ಗಂಟಲ ತನಕ ಬಂದದ್ದನ್ನೆಲ್ಲ ಹೇಳಿಕೊಂಡು ಹೋಗುತ್ತಿದ್ದರು. ಅವನು ಬಾಯಲ್ಲಿ ರಾಜನನ್ನಿಟ್ಟುಕೊಂಡು ಹಗ್ಗ ಹೊಸೆಯುತ್ತಿದ್ದ. ತನ್ನ ಮೂಕತನ ಕಂಡು ಮರುಗಿ ಬರುತ್ತಾರೆಂದು ಅವನು ತಿಳಿದಿದ್ದ.

ಅವನು ಜಗಲಿ ಹತ್ತಿದಾಗ ಕುಂಬಾರಗಿತ್ತಿ ಅತ್ತೆಯ ಮಾತು ಹೇಳುತ್ತಿದ್ದಳು.

“...ಮಗ ಮನೇಲಿಲ್ಲದಾಗ ನನಗೆ ನೀರು ಬೆರೆಸಿದ ಮಜ್ಜಿಗೆ, ಮಗ ಬಂದರೆ ನನಗೆ ಕೆನೆ ಮೊಸರು. ನಾನೂ ಬಿಡಲಿಲ್ಲ ಕಣಕ್ಕ. ಅತ್ತೆ ಮಲಗೋ ಚಾಪೆ ಕೆಳಗೆ—”

“ರಾಜ ಒಡೆದ,” ಅಂದ ಅವನು.

ಕುಂಬಾರಗಿತ್ತಿ ಹೌಹಾರಿ ಎದ್ದು ನಿಂತಳು. ಸೆರಗು ಎಳೆದುಕೊಂಡಳು. “ಅಯ್ಯೋ ಶಿವನೇ, ಇವರು ಮಾತಾಡ್ತಾರೆ!”

“ಹ್ಞೂಂ. ಒಡೆದ.”

“ಮೊದಲೇ ಕೆಮ್ಮೋದಕ್ಕೇನಾಗಿತ್ತು ನಿಮಗೆ!” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಚಾಪೆಯ ಕೆಳಗೆ ಏನಿಟ್ಟಳೋ ಅವನಿಗೆ ತಿಳಿಯಲಿಲ್ಲ.

ಊಟಕ್ಕೆ ಕೂತಾಗ ಅವನು ಎಲ್ಲವನ್ನೂ ಹೆಂಡತಿಗೆ ಹೇಳಿದ. ಮುದುಕಿ ಹೇಳಿದ ಕಟ್ಟಳೆಯನ್ನೂ ಹೇಳಿದ. ಸಂಜೆಯ ಹೊತ್ತಲ್ಲಿ ಗಂಡನ ಮಾತು ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಸೌಟು ಹಿಡಿದು ಹಾಗೇ ನಿಂತಿದ್ದಳು.

“ಏಳಲೋ, ಕೂರಲೋ?” ಅಂತ ಕೇಳಿದ.

“ನಿಮ್ಮ ಬಾಯಿ, ನಿಮ್ಮ ರಾಜ,” ಅಂದಳು. “ನನ್ನನ್ನೇನು ಕೇಳ್ತೀರಿ.”

ಸೌಟಿನಿಂದ ಅವನ ತಟ್ಟೆಗೆ ಸಾರು ಬಡಿಸಿದಳು. ಅವನು ಕಲಸಿ ಉಂಡ.

ದಿನಗಳು ಹೋದವು. ಬಾಯಿಂದ ಬೇವು ಮೆಲ್ಲಗೆ ಇಳಿಯಿತು. ಒಂದು ದಿನ ಸಾರು ನಾಲಿಗೆಗಿಟ್ಟವನು ತಲೆಯೆತ್ತಿ ನೋಡಿದ.

“ಇದರಲ್ಲಿ ಉಪ್ಪಿಲ್ಲ.”

“ಇಲ್ಲ.”

“ಮರೆತೆಯಾ?”

“ಯಾವ ಕಾಲದಲ್ಲೋ ಬಿಟ್ಟೆ. ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ ಅಂತ ಉಣ್ತಿದ್ರಿ. ಸುಮ್ಮನೆ ಯಾಕೆ ದಂಡ ಅಂತ ನನ್ನ ತಟ್ಟೆಗೆ ಮಾತ್ರ ಹಾಕ್ಕೋತೀನಿ.”

ಉಪ್ಪಿನ ಮರಿಗೆಯನ್ನು ಅವನ ಮುಂದೆ ತಳ್ಳಿದಳು. ಅವನು ಹಾಕಿಕೊಂಡು ಉಂಡ. ರುಚಿಯಾಗಿಯೇ ಇತ್ತು. ಉಂಡು ಕೈ ತೊಳೆದ. ಅದಾದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲ.

ಜಗಲಿಗೆ ಬರುತ್ತಿದ್ದವರು ಬರುವುದು ಬಿಟ್ಟರು. ಹೆಂಡತಿಯೂ ಮಾತು ಬಿಟ್ಟಳು. ಮೊದಲಾದರೆ ಅಕ್ಕಿ ಆರಿಸುತ್ತ ತವರಿನ ಸುದ್ದಿ, ಸತ್ತ ತಮ್ಮನ ಸುದ್ದಿ, ಹಲ್ಲುನೋವು, ಕನಸು, ಎಲ್ಲವನ್ನೂ ಹೇಳುತ್ತಿದ್ದಳು. ಈಗ ಅಕ್ಕಿ ಆರಿಸುತ್ತಿದ್ದಳು, ಅಷ್ಟೇ.

“ಏನಾದರೂ ಹೇಳು,” ಅಂದ ಒಂದು ಸಂಜೆ.

“ಏನು ಹೇಳಲಿ? ಹೇಳಿದರೆ ನೀವು ಉತ್ತರ ಹೇಳ್ತೀರಿ.”

“ಹೇಳಿದರೇನು?”

“ಮೊನ್ನೆ ಹಲ್ಲು ನೋಯುತ್ತೆ ಅಂದೆ. ಲವಂಗ ಇಟ್ಕೋ ಅಂದಿರಿ. ಲವಂಗ ನನಗೆ ಗೊತ್ತಿಲ್ವಾ?”

ಅವನು ಹಗ್ಗ ಹೊಸೆದ. ಮೂರು ಎಳೆ ಸೇರಿಸಿ ತೊಡೆಯ ಮೇಲೆ ಉಜ್ಜಿದ. ಉಜ್ಜಿ ಎಳೆದ. ಎಳೆದು ಸುತ್ತಿದ. ಮೊದಲೂ ಹಾಗೆಯೇ ಹೊಸೆಯುತ್ತಿದ್ದ.

ಮಧ್ಯಾಹ್ನ ಮಾತ್ರ ಕಾಲು ತಾನಾಗಿ ಮಂಟಪದ ಕಡೆ ಹೋಗುತ್ತಿತ್ತು. ಜಾಗಟೆ ಮೊಳಗುತ್ತಿತ್ತು. ಜನ ಹತ್ತಿ ಹೋಗಿ ಕೂರುತ್ತಿದ್ದರು. ರಾಜನಿಲ್ಲದವನು ಮೆಟ್ಟಿಲು ಹತ್ತುವಂತಿಲ್ಲ. ಅವನು ಕೆಳಗೆ, ತೊಟ್ಟಿಯ ಪಕ್ಕದಲ್ಲಿ, ಆಡುಗಳ ನಡುವೆ ನಿಲ್ಲುತ್ತಿದ್ದ. ಅಲ್ಲಿಂದ ಕಾಣುವುದು ಬಾಗಿದ ತಲೆಗಳು ಮಾತ್ರ. ಮಣೆ ಕಾಣುವುದಿಲ್ಲ. ಕೇಳಿಸುವುದು ಮರದ ಮೇಲೆ ಮರ ಇಟ್ಟ ಸದ್ದು. ಟಕ್. ಆನೆಯೋ, ಕಾಲಾಳೋ. ಟಕ್. ಒಂಟೆಯೋ, ಮಂತ್ರಿಯೋ. ಸದ್ದಿನಲ್ಲಿ ಯಾವ ಕಾಯಿ ಎಂದು ತಿಳಿಯುವುದಿಲ್ಲ. ಅವನು ನಿಂತು ಕೇಳುತ್ತಿದ್ದ. ಆಡು ಬಂದು ಅವನ ಪಂಚೆಯ ತುದಿ ಅಗಿಯುತ್ತಿತ್ತು. ಆಟ ಮುಗಿಯುತ್ತಿತ್ತು. ಸೋತವರು ಬಾಯುಬ್ಬಿಸಿಕೊಂಡು ಇಳಿಯುತ್ತಿದ್ದರು. ಅವನು ಮನೆಗೆ ಹೋಗುತ್ತಿದ್ದ.

ಒಂದು ಬೆಳಗ್ಗೆ ಗಾಣದವನು ಬಂದ. ಊರಿಗೆ ಎಣ್ಣೆ ಮಾರುವವನು ಅವನೇ. ಕಡೆಯ ಮಣೆಯವನ ಎದುರು ಕೂತು ದಿನವೂ ಗೆಲ್ಲುತ್ತಿದ್ದವನು. ಈಗ ಕಡೆಯಲ್ಲಿ ಉಳಿದವನು ಅವನೇ ಆದ್ದರಿಂದ ದಿನವೂ ದರ್ಜಿಯ ಎದುರು ಕೂತು ಸೋಲುತ್ತಿದ್ದ.

“ಅಣ್ಣ, ಇದು ನ್ಯಾಯವಾ?” ಎಂದು ಜಗಲಿಯ ಮೇಲೆ ಕುಕ್ಕರಿಸಿದ. “ಸಂಜೆ ಹೊತ್ತು ನಾನು ಬೀದಿ ಬೀದಿ ಕೂಗಬೇಕು. ಬಾಯಲ್ಲಿ ಆ ದರಿದ್ರ ರಾಜ. ಎಣ್ಣೆ ಅನ್ನೋಕೆ ಹೋದರೆ ಊಂ ಊಂ ಅನ್ನುತ್ತೆ. ನಾಯಿಗಳು ಹಿಂದೆ ಬರ್ತವೆ, ಗಿರಾಕಿ ಬರಲ್ಲ.”

“ನೀನೂ ಚೆನ್ನಾಗಿ ಆಡು.”

“ನೀನಾ ನನಗೆ ಹೇಳೋದು? ಆಹಾಹಾ! ನೋಡಕ್ಕ, ಯಾರು ಯಾರಿಗೆ ಬುದ್ಧಿ ಹೇಳೋ ಕಾಲ ಬಂತು!” ಎಂದು ಒಳಗಿದ್ದ ಅವನ ಹೆಂಡತಿಗೆ ಕೂಗಿ ಹೇಳಿದ. ಮತ್ತೆ ದನಿ ತಗ್ಗಿಸಿದ. “ತಮಾಷೆ ಬಿಡು ಅಣ್ಣ. ಹೊಸ ರಾಜನ್ನ ತಗೋ. ಬಂದು ಕೂತ್ಕೋ. ನಿನಗೇನು, ಅಭ್ಯಾಸ ಆಗಿದೆ. ನನಗೆ ಇದು ಆಗಿಬರಲ್ಲ. ಆ ಕಹಿಗೆ ಹೊಟ್ಟೆ ತೊಳಸುತ್ತೆ.”

“ನೋಡೋಣ.”

“ಇನ್ನೊಂದು ಕಷ್ಟ ಕೇಳು. ನಿನ್ನ ಜಗಲಿಗೆ ಬರ್ತಿದ್ದ ಹೆಂಗಸರೆಲ್ಲ ಈಗ ನನ್ನ ಜಗಲಿಗೆ ಬರ್ತಾರೆ. ಕೂತು ಒಂದೇ ಸಮ ಒಪ್ಪಿಸ್ತಾರೆ. ಗೋಡೆಗೆ ಹೇಳಿದರೆ ಗೋಡೆ ಉದುರುತ್ತೆ, ಸೋತವನಿಗೆ ಹೇಳಿದರೆ ಅವನ ಹೊಟ್ಟೇಲೇ ಇರುತ್ತೆ ಅಂತೆ. ಇರುತ್ತಾ? ನನ್ನ ಹೊಟ್ಟೇಲಿ ಇರಲ್ಲಪ್ಪ! ಬೆಳಗಾದರೆ ಯಾರಿಗಾದರೂ ಹೇಳಿಬಿಡ್ತೀನಿ. ಕುಂಬಾರಗಿತ್ತಿ ಅತ್ತೆ ಚಾಪೆ ಕೆಳಗೆ ಏನಿಟ್ಟಿದ್ದಳು ಗೊತ್ತಾ?”

“ಬೇಡ,” ಅಂದ ಅವನು.

ಗಾಣದವನು ಹೇಳಿಯೇ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಕುಂಬಾರರ ಮನೆಯಲ್ಲಿ ಮಡಕೆಗಳು ಒಡೆದ ಸದ್ದು ಬೀದಿಯ ತುದಿಗೆ ಕೇಳಿಸಿತು.

ಮಾರನೆಯ ಬೆಳಗ್ಗೆ ಕುಂಬಾರಗಿತ್ತಿ ಬಂದು ಅಂಗಳದಲ್ಲೇ ನಿಂತಳು. ಜಗಲಿ ಹತ್ತಲಿಲ್ಲ. “ನೀವು ಮಂಟಪಕ್ಕೆ ಹೋಗಿ ಕೂತ್ಕೊಳ್ಳಿ ಅಣ್ಣಾ,” ಅಂದಳು. “ನೀವು ಸೋತರೆ ನಾವು ನಾಲ್ಕು ಜನ ಬದುಕ್ತೀವಿ.” ಅಷ್ಟು ಹೇಳಿ ಹೋದಳು.

ತನ್ನ ಜಗಲಿಗೆ ಜನ ಯಾಕೆ ಬರುತ್ತಿದ್ದರು ಎಂದು ಅವನಿಗೆ ಆಗ ಸರಿಯಾಗಿ ತಿಳಿಯಿತು. ತಿಳಿದು ಬೇಸರವಾಗಲಿಲ್ಲ. ಸಂತೋಷವೂ ಆಗಲಿಲ್ಲ. ಗಾಣದವನಿಗೆ ಅವನು ಬೇಕಿತ್ತು, ತಾನು ಗೆಲ್ಲುವುದಕ್ಕೆ. ಕುಂಬಾರಗಿತ್ತಿಗೆ ಬೇಕಿತ್ತು, ತಾನು ಆಡಿದ್ದು ಆಚೆ ಹೋಗದಿರುವುದಕ್ಕೆ. ಹೆಂಡತಿಗೂ ಬೇಕಿತ್ತೇನೋ, ಅವಳು ಬಾಯಿ ಬಿಟ್ಟು ಹೇಳುವವಳಲ್ಲ. ಅವನ ಸೋಲು ಊರಿನ ನಾಲ್ಕು ಮನೆಗೆ ಬೇಕಾಗಿತ್ತು. ಅವನ ಆಟ ಯಾರಿಗೂ ಬೇಕಿರಲಿಲ್ಲ.

ಆಟವಾದರೂ ಏನು. ಆನೆಯನ್ನು ನೂಕುತ್ತಿದ್ದ, ಆನೆ ಹೋಗುತ್ತಿತ್ತು. ಮಂತ್ರಿಯನ್ನು ನೂಕುತ್ತಿದ್ದ, ಮಂತ್ರಿ ಹೋಗುತ್ತಿದ್ದ. ಎದುರಿನವನ ಕೈ ನೋಡುತ್ತ ಕೂರುತ್ತಿದ್ದ. ಆಮೇಲೆ ಯಾರೋ, “ಮುಗೀತು, ಎತ್ತಿಕೋ,” ಅನ್ನುತ್ತಿದ್ದರು. ಅವನು ರಾಜನನ್ನು ಎತ್ತಿಕೊಳ್ಳುತ್ತಿದ್ದ.

ಅಮಾವಾಸ್ಯೆ ಹತ್ತಿರವಾದಾಗ ಕೆರೆಯ ಸೋಪಾನದಲ್ಲಿ ಮೊದಲ ಮಣೆಯವನು ಸಿಕ್ಕ. ಅವನು ಎಂದೂ ಸೋತವನಲ್ಲ. ಅವನ ರಾಜನ ಮೂಗು, ಮೀಸೆ, ಕಿರೀಟದ ಹೂವು, ಮುದುಕಿ ಕೆತ್ತಿದ ದಿನ ಹೇಗಿದ್ದವೋ ಹಾಗೇ ಇದ್ದವು. ಬೆಳಗಿನಿಂದ ಮಲಗುವವರೆಗೆ ಅವನ ಬಾಯಿ ಅವನದೇ. ಮಾತಾಡುತ್ತಲೇ ಇರುತ್ತಿದ್ದ. ಅವನ ಜಗಲಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ.

“ಏನಯ್ಯಾ, ನಿನ್ನ ರಾಜ ಒಡೆದನಂತೆ,” ಅಂದ ಮೊದಲ ಮಣೆಯವನು, ಮುಖಕ್ಕೆ ನೀರು ಹಾಕಿಕೊಳ್ಳುತ್ತ.

“ಹೌದು ಸ್ವಾಮಿ.”

“ಒಂದು ಕೇಳ್ತೀನಿ, ಹೇಳು. ರಾಜನ ರುಚಿ ಹೇಗಿರುತ್ತೆ?”

“ಕಹಿ.”

“ಅಷ್ಟೇನಾ?”

“ಅಷ್ಟೇ.”

ಮೊದಲ ಮಣೆಯವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಒದ್ದೆ ಮುಖದಲ್ಲೇ ಸ್ವಲ್ಪ ಹೊತ್ತು ಇವನನ್ನು ನೋಡಿದ.

“ಎದ್ದುಬಿಡು,” ಅಂದ. “ನಿನ್ನ ಆಟ ದೂರದಿಂದ ನೋಡಿದೀನಿ. ಅದು ಆಟ ಅಲ್ಲ. ಅಟ್ಟದಿಂದ ಪಾತ್ರೆ ಬೀಳೋದಕ್ಕೂ ನೀನು ಕಾಯಿ ನಡೆಸೋದಕ್ಕೂ ವ್ಯತ್ಯಾಸವೇ ಇಲ್ಲ. ಬೈತಿದೀನಿ ಅನ್ಕೋಬೇಡ. ಇದ್ದದ್ದು ಹೇಳ್ತಿದೀನಿ.”

“ಸರಿ ಸ್ವಾಮಿ.”

“ಕೋಪ ಬರಲಿಲ್ವಾ?”

“ಇಲ್ಲ.”

“ಅದೂ ಬರಲ್ಲ ಅಂದಮೇಲೆ ಯಾಕೆ ಕೂರಬೇಕು?”

ಸೋಪಾನದ ಮೇಲೆ ಪಾಚಿ ಕಟ್ಟಿತ್ತು. ಇವನು ಕಾಲ ಹೆಬ್ಬೆರಳಿನಿಂದ ಅದನ್ನು ಕೆರೆದ.

“ನೀವು ಯಾಕೆ ಕೂರ್ತೀರಿ ಸ್ವಾಮಿ?”

ಮೊದಲ ಮಣೆಯವನು ಪಂಚೆಯಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತ, “ಎದುರಿನವನು ಕಾಲು ಮಡಿಸಿ ಕೂರೋವಾಗಲೇ ಆಟ ಕಡೇತನಕ ಕಾಣುತ್ತೆ,” ಅಂದ. “ಅಲ್ಲಿಂದ ಮುಂದೆ ನಾನು ಮಾಡೋದು, ಅನ್ನ ಆರಲಿ ಅಂತ ಕಾಯೋ ಕೆಲಸ. ಆದರೂ ಕೂರ್ತೀನಿ. ಎದ್ದರೆ ಎರಡನೇ ಮಣೆಯವನು ಮೊದಲನೆಯವನಾಗ್ತಾನೆ.”

“ಆದರೆ?”

“ಆದರೇನು? ಅವನು ಅದಕ್ಕೆ ಲಾಯಕ್ಕಿಲ್ಲ.”

ಪಂಚೆ ಹಿಂಡಿ ಹೆಗಲಿಗೆ ಹಾಕಿಕೊಂಡು ಹೋದ. ಹೋಗುವಾಗಲೂ ಏನೋ ಮಾತಾಡುತ್ತಿದ್ದ. ಕೇಳುವವರಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಕಡೆಯ ಮಣೆಯವನು ನಿಶ್ಚಯ ಮಾಡಿದ್ದ. ಏಳುವುದು. ನಿಶ್ಚಯ ಮಾಡುವುದೇನೂ ಕಷ್ಟವಾಗಲಿಲ್ಲ. ತಿಂಗಳು ಆಡಿರಲಿಲ್ಲ, ಸತ್ತಿರಲಿಲ್ಲ. ಉಪ್ಪು ತಿಂದ. ಸಂಜೆ ಮಾತಾಡಿದ. ಹಗ್ಗ ಮೊದಲಿನ ಹಾಗೇ ಬಿಗಿಯಾಗಿ ಬಂತು. ಆಡದಿದ್ದರೆ ಏನೂ ಅನ್ನಿಸುವುದಿಲ್ಲ ಎಂದಾದರೆ ಆಡಬೇಕಾದ್ದೇನಿದೆ.

ಉಳಿದ ಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡ. ಒಲೆಗೆ ಕೊಡಬೇಕಲ್ಲ.

“ಏಳ್ತೀನಿ,” ಅಂತ ಹೆಂಡತಿಗೆ ಹೇಳಿದ.

“ಹ್ಞೂಂ,” ಅಂದಳು. “ಬರೋವಾಗ ಬೇವಿನ ಕಡ್ಡಿ ತನ್ನಿ. ನನ್ನ ಹಲ್ಲಿಗೆ.”

ಆ ಊರಲ್ಲಿ ಇಂಥ ಉತ್ತರವನ್ನು ಆಟದ ನಡುವೆ ಕೇಳುವುದು ರೂಢಿ. ಆಟಕ್ಕೆ ಮೊದಲಲ್ಲ, ಆಟ ಮುಗಿದಮೇಲಲ್ಲ. ಯಾರು ಗೆದ್ದರು, ಯಾರು ಸೋತರು ಎಂದು ಇನ್ನೂ ಆಗದ ಹೊತ್ತು ಅದು. ಎಲ್ಲರ ಬಾಯೂ ಖಾಲಿ ಇರುತ್ತದೆ. ಎಲ್ಲರಿಗೂ ಮಾತಿರುತ್ತದೆ.

ಮುದುಕಿ ಜಾಗಟೆ ಬಾರಿಸಿದಳು. ಆಡುವವರು ಕೈಗಳನ್ನು ಮಣೆಯಿಂದ ಎತ್ತಿ ಮಂಡಿಯ ಮೇಲಿಟ್ಟುಕೊಂಡರು. ಕಾಯಿಗಳು ನಿಂತಲ್ಲೇ ನಿಂತವು.

“ಹತ್ತಿ ಬಾ,” ಅಂದಳು.

ಅವನು ಹತ್ತಿದ. ಒಂದು ತಿಂಗಳಾದಮೇಲೆ ಹತ್ತುವುದು. ಕಲ್ಲು ಕಾಲಿಗೆ ತಣ್ಣಗಿತ್ತು. ಬದಿಯಲ್ಲಿ ಸಣ್ಣ ಒಲೆ ಹೂಡಿಟ್ಟಿದ್ದರು, ಇನ್ನೂ ಹಚ್ಚಿರಲಿಲ್ಲ. ಅದರ ಪಕ್ಕದಲ್ಲಿ ಬೇವಿನ ತುಂಡೊಂದು, ಉಳಿಯೊಂದು. ಎರಡಕ್ಕೂ ತಯಾರಿ ಮಾಡಿಕೊಂಡಿದ್ದಳು ಮುದುಕಿ.

“ಏಳ್ತೀಯೋ, ಕೂರ್ತೀಯೋ?”

“ಏಳ್ತೀನಿ.”

ಗಾಣದವನು ಹಣೆ ಚಚ್ಚಿಕೊಂಡ. “ಕೆಟ್ಟೆ,” ಅಂದ.

“ಕಾರಣ?” ಅಂದಳು ಮುದುಕಿ.

“ಸೋಲ್ತೀನಿ.”

“ಅದು ಹೊಸದೇನು? ಇಷ್ಟು ದಿನ ಸೋಲ್ತಾನೇ ಕೂತಿದ್ದೆಯಲ್ಲ. ಬೇರೆ ಹೇಳು.”

“ವಯಸ್ಸಾಯ್ತು.”

“ನನಗಿಂತಲಾ?”

ಜನ ನಕ್ಕರು. ಅವನು ಬಟ್ಟೆಯ ಗಂಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ನನ್ನದು ಆಟವೇ ಅಲ್ಲವಂತೆ. ಅಟ್ಟದಿಂದ ಪಾತ್ರೆ ಬಿದ್ದ ಹಾಗೆ ಅಂತೆ.”

“ಯಾರು ಅಂದರು?”

ಅವನು ಮೊದಲ ಮಣೆಯ ಕಡೆ ನೋಡಿದ.

“ಅದು ಅವನ ಮಾತು,” ಅಂದಳು ಮುದುಕಿ. “ಅವನ ಮನೆ ಬೆಂಕಿ ತಂದು ನನ್ನ ಒಲೆ ಹಚ್ಚಬೇಡ ಅಂತ ಆವತ್ತೇ ಹೇಳಿದೀನಿ. ನಿನ್ನದು ಹೇಳು. ನಿಧಾನವಾಗಿ ಯೋಚಿಸಿ ಹೇಳು. ನಾನೇನು ಓಡಿಹೋಗಲ್ಲ.”

ಅವನು ಯೋಚಿಸಿದ. ಬಾಯಿ ಖಾಲಿ ಇತ್ತು. ತಲೆಯೂ ಖಾಲಿ ಇತ್ತು. ಮೊದಲ ಮಣೆಯವನ ಮುಖ ನೋಡಿದ, ಗಾಣದವನ ಮುಖ ನೋಡಿದ. ನೋಡಲು ಇನ್ನೇನೂ ಇಲ್ಲದ್ದಕ್ಕೆ ತಲೆ ಬಗ್ಗಿಸಿದ. ಬಗ್ಗಿಸಿದ ಕಡೆ ಗಾಣದವನ ಮಣೆ ಇತ್ತು. ಗಾಣದವನಿಗೂ ದರ್ಜಿಗೂ ಆಟ ಅರ್ಧಕ್ಕೆ ನಿಂತಿತ್ತು.

ಅವನು ನೋಡಿದ.

ಮಣೆಯ ಒಂದು ಬದಿಯಲ್ಲಿ ಗಾಣದವನ ಕುದುರೆ ಒಂಟಿಯಾಗಿ ನಿಂತಿತ್ತು. ಸುತ್ತಮುತ್ತ ತನ್ನವರು ಯಾರೂ ಇಲ್ಲ. ದರ್ಜಿಯ ಆನೆ ಅತ್ತ, ದರ್ಜಿಯ ಮಂತ್ರಿ ಇತ್ತ. ಕುದುರೆ ಅಲ್ಲಿ ನಿಂತು ಏನು ಮಾಡುತ್ತಿದೆ? ಹಿಂದಕ್ಕೆ ಹಾರಬಹುದು. ಹಾರಿದರೆ ಕಾಲಾಳು ಹೋಗುತ್ತಾನೆ. ಮುಂದಕ್ಕೆ ಹಾರಿದರೆ? ಅವನು ತಲೆ ಓರೆ ಮಾಡಿದ. ಮುಂದಕ್ಕೆ ಹಾರಿದರೆ ಏನೋ ಆಗುತ್ತದೆ. ಏನಾಗುತ್ತದೆ?

“ಹೇಳಯ್ಯಾ,” ಅಂತ ಯಾರೋ ಅಂದರು.

“ಆ ಕುದುರೆ ಅಲ್ಲಿ ಯಾಕೆ ನಿಂತಿದೆ?” ಅಂದ ಅವನು.

ಮಂಟಪವೆಲ್ಲ ಗೊಳ್ಳೆಂದಿತು.

“ಅಣ್ಣ, ನನ್ನ ಕುದುರೆ ತಂಟೆ ನಿನಗೆ ಯಾಕೆ?” ಅಂದ ಗಾಣದವನು. “ನೀನು ನಿನ್ನ ಉತ್ತರ ಹೇಳು.”

“ಅಲ್ಲ, ಅದು ತಪ್ಪು ಜಾಗದಲ್ಲಿದೆ.”

“ಇಲ್ಲ,” ಅಂದ ಮೊದಲ ಮಣೆಯವನು ತನ್ನ ಕಂಬದ ಬುಡದಿಂದಲೇ. ಅಲ್ಲಿಂದಲೇ ಅವನಿಗೆ ಎಲ್ಲ ಕಾಣುತ್ತಿತ್ತು. “ಇರಬೇಕಾದಲ್ಲೇ ಇದೆ. ಅದು ಅಲ್ಲಿಲ್ಲದಿದ್ದರೆ ಗಾಣದವನ ಮಂತ್ರಿ ಆಗಲೇ ಹೋಗಿರುತ್ತಿದ್ದ.”

“ಹೌದಾ?”

ಅವನು ಮಣೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಗಂಟನ್ನು ನೆಲಕ್ಕಿಟ್ಟ. ಬೆರಳು ಮುಟ್ಟಿಸದೆ ಗಾಳಿಯಲ್ಲೇ ಕುದುರೆಯನ್ನು ಹಾರಿಸಿ ನೋಡಿದ. ಹಿಂದಕ್ಕೆ ತಂದ. ಮತ್ತೆ ಹಾರಿಸಿದ.

“ಈ ಒಂಟೆ ನೆಟ್ಟಗೆ ಬಂದು ಹೊಡೆದರೆ?”

“ಒಂಟೆ ಓರೆಯಾಗಿ ಹೋಗುತ್ತೆ ಮಾರಾಯ!” ಎಂದು ದರ್ಜಿ ತೊಡೆ ತಟ್ಟಿಕೊಂಡು ನಕ್ಕ. “ಇಷ್ಟು ಕಾಲ ಆಡಿದೀಯ, ಅದೂ ಬರಲ್ಲ.”

“ಹೌದು. ಹೌದು. ಓರೆ,” ಎಂದು ಅವನು ಮತ್ತೆ ನೋಡಿದ.

ನಗು ತಾನಾಗಿ ನಿಂತಿತು. ಅವನು ನೋಡುತ್ತಲೇ ಇದ್ದ. ಆಡೊಂದು ಮೆಟ್ಟಿಲು ಹತ್ತಿ ಬಂದು ಅವನ ಗಂಟನ್ನು ಮೂಸಿತು, ಯಾರೋ ಓಡಿಸಿದರು.

“ಏಳ್ತೀಯೋ, ಕೂರ್ತೀಯೋ?” ಎಂದು ಮುದುಕಿ ಇನ್ನೊಮ್ಮೆ ಕೇಳಿದಳು.

“ತಾಳು ಅಜ್ಜಿ.”

ಮುದುಕಿ ತಾಳಿದಳು. ಅವನು ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕಿದ. ಲೆಕ್ಕ ತಪ್ಪಿತು. ಮೊದಲಿನಿಂದ ಶುರುಮಾಡಿದ. ಮತ್ತೆ ತಪ್ಪಿತು.

“ಇದು ಮುಂದೆ ಏನಾಗುತ್ತೋ ನನಗೆ ತಿಳೀತಾ ಇಲ್ಲ,” ಅಂದ.

“ನನಗೆ ಗೊತ್ತು,” ಅಂದ ಮೊದಲ ಮಣೆಯವನು. “ಹೇಳಲಾ?”

“ಬೇಡ ಸ್ವಾಮಿ.”

ಥಟ್ಟನೆ ಅಂದ. ಮಣೆಯಿಂದ ಕಣ್ಣು ಕೀಳದೆ, ಒಂದು ಕೈಯನ್ನು ಅಡ್ಡ ಹಿಡಿದು ಅಂದ, ಯಾರೋ ತನ್ನ ತಟ್ಟೆಗೆ ಕೈ ಹಾಕಲು ಬಂದಂತೆ.

ಮೊದಲ ಮಣೆಯವನು ಬಾಯಿ ಮುಚ್ಚಿದ. ಅವನ ಬಾಯಿ ಮುಚ್ಚಿದ್ದನ್ನು ಆ ಮಂಟಪದಲ್ಲಿ ಅದಕ್ಕೆ ಮೊದಲು ಕಂಡವರಿರಲಿಲ್ಲ.

ಸ್ವಲ್ಪ ಹೊತ್ತಾದಮೇಲೆ ಕಡೆಯ ಮಣೆಯವನು, “ಕೂರ್ತೀನಿ ಅಜ್ಜಿ,” ಅಂದ.

ಮುದುಕಿ ಕಾರಣ ಕೇಳಲಿಲ್ಲ; ಆಗಲೇ ಕೇಳಿಸಿಕೊಂಡಿದ್ದಳು. ಬೇವಿನ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಉಳಿ ಎತ್ತಿಕೊಂಡಳು.

“ಸಾಯೋತನಕ,” ಅಂದಳು.

“ಹ್ಞೂಂ.”

“ಮತ್ತೆ ಬಂದು ಅ ಆ ಅನ್ನೋಹಾಗಿಲ್ಲ.”

“ಇಲ್ಲ.”

ಅವಳು ಜಾಗಟೆ ಬಾರಿಸಿದಳು. ಎಲ್ಲರೂ ಮಂಡಿಯಿಂದ ಕೈ ಎತ್ತಿ ಆಟ ಮುಂದುವರಿಸಿದರು. ಗಾಣದವನು ಕುದುರೆಯನ್ನು ಮುಂದಕ್ಕೆ ಹಾರಿಸಿದ. ಅವನು ಅದನ್ನು ನೋಡುತ್ತ ಅಲ್ಲೇ ಕೂತಿದ್ದ.

ಹೊಸ ರಾಜನಿಗೆ ದೊಡ್ಡ ಮೀಸೆ, ಚೂಪು ಕಿರೀಟ. ಮಾರನೆಯ ಮಧ್ಯಾಹ್ನ ಅವನು ಗಾಣದವನ ಎದುರು ಕೂತ. ಗಾಣದವನು ಕೂರುವ ಮೊದಲೇ ಕೈ ಉಜ್ಜಿಕೊಂಡು, “ಬಾ ಅಣ್ಣ, ಬಾ, ನಿನ್ನ ಬಾಯಿಗೆ ಸಕ್ಕರೆ ಹಾಕ,” ಅಂದ. ಆಟ ಬೇಗ ಮುಗಿಯಿತು. ಅವನು ರಾಜನನ್ನು ಎತ್ತಿ, ಪಂಚೆಯ ಅಂಚಿಗೆ ಒರೆಸಿ, ಬಾಯೊಳಗಿಟ್ಟುಕೊಂಡ. ಕಿರೀಟ ಅಂಗುಳಕ್ಕೆ ಚುಚ್ಚಿತು. ಮೆಟ್ಟಿಲಿಳಿದು ಮನೆಗೆ ಹೋದ. ಜಗಲಿಯ ಮೇಲೆ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅವನ ಕೆನ್ನೆ ನೋಡಿದಳು. ಮೊರವನ್ನು ಪಕ್ಕಕ್ಕಿಟ್ಟು, ತಮ್ಮ ಸತ್ತ ವರ್ಷ ಕಂಡ ಕನಸೊಂದನ್ನು ಹೇಳಲು ಶುರುಮಾಡಿದಳು.

ಅವನು ಬಹಳ ವರ್ಷ ಆಡಿದ. ಒಂಟೆಯ ನಡೆ ಕಡೆಯವರೆಗೂ ಅವನಿಗೆ ತಪ್ಪುತ್ತಿತ್ತು. ಸತ್ತಾಗ ರಾಜನನ್ನು ಜೊತೆಗೇ ಹೂತರು. ನಡುವೆ ಒಮ್ಮೆ ಗೆದ್ದಿದ್ದನಂತೆ ಎಂದು ಹೇಳುವವರು ಊರಲ್ಲಿದ್ದಾರೆ. ಗೆಲ್ಲಲಿಲ್ಲ.